ಮೂಟೆ ಮಾವ ಮತ್ತು ಒಂಬತ್ತನೇ ಟ್ಯಾಂಕು

ಮೂಟೆ ಮಾವ ಎಂದು ಹೆಸರಿಟ್ಟವನು ಅವರ ಅಳಿಯ. ಮಗಳ ಮನೆಗೆ ಒಂದು ದಿನಕ್ಕೆ ಬಂದರೂ ಮಾವನ ಬ್ಯಾಗಿನಲ್ಲಿ ದಿಂಬು, ಟಾರ್ಚು, ಬೀಗ, ಮಾತ್ರೆ, ಕುಡಿಯುವ ನೀರಿನ ಕ್ಯಾನು ಎಲ್ಲ ಇರುತ್ತಿದ್ದವು. ಹೋದಲ್ಲಿ ಏನು ಸಿಗುತ್ತದೋ ಇಲ್ಲವೋ ಎಂಬ ಭಯ. ಆ ಬ್ಯಾಗು ಬಾಗಿಲ ಹಿಂದೆ ವರ್ಷವಿಡೀ ಹೊಟ್ಟೆ ಉಬ್ಬಿಸಿಕೊಂಡು ನಿಂತಿರುತ್ತಿತ್ತು.

ಯಾವ ಟ್ಯಾಂಕಿಗೆ ಎಷ್ಟು ಕ್ಲೋರಿನ್ ಬಿಡಬೇಕೆಂದು ಲೆಕ್ಕ ಹಾಕುವ ಪ್ರೋಗ್ರಾಮ್ ಬರೆಯುವುದು ನೀರು ಸರಬರಾಜು ಕಚೇರಿಯಲ್ಲಿ ಅವರ ಕೆಲಸ. ಅಲ್ಲೂ ಅದೇ ಬುದ್ಧಿ. ಪಂಪ್‌ಹೌಸಿನ ಮುದಿ ಕಂಪ್ಯೂಟರಿನಲ್ಲಿ ಏನಿದೆಯೋ ಯಾರು ಕಂಡರು? ಬರೆದ ಪ್ರೋಗ್ರಾಮನ್ನು ಓಡುವ ಫೈಲಾಗಿಸುವ ಕಂಪೈಲರಿಗೆ ಸ್ಟ್ಯಾಟಿಕ್ ಲಿಂಕಿಂಗ್ ಎಂದು ಹೇಳಿ, ಬೇಕಾದ ಲೈಬ್ರರಿಗಳನ್ನೆಲ್ಲ, ಅಂದರೆ ಮೊದಲೇ ಬರೆದಿಟ್ಟ ತುಣುಕುಗಳನ್ನೆಲ್ಲ, ಒಂದೇ ಫೈಲಿನ ಒಳಗೆ ಮೂಟೆ ಕಟ್ಟಿ ಕಳಿಸುತ್ತಿದ್ದರು. ಬೌಂಡ್ಸ್ ಚೆಕ್ ಎಂಬ ಇನ್ನೊಂದು ಆಯ್ಕೆಯೂ ಅವರಿಗೆ ಪ್ರಾಣ. ಕಂಪ್ಯೂಟರಿನ ನೆನಪಿನಲ್ಲಿ ಟ್ಯಾಂಕಿಗೊಂದರಂತೆ ಕಟ್ಟಿದ ಎಂಟು ಮನೆಗಳ ಸಾಲಿಗೆ ಒಂಬತ್ತನೆಯವನು ಬಂದರೆ ಪ್ರೋಗ್ರಾಮ್ ಅಲ್ಲೇ ನಿಂತು ಕಿರುಚುತ್ತದೆ. ಅದಿಲ್ಲದಿದ್ದರೆ ಅವನು ಸದ್ದಿಲ್ಲದೆ ಪಕ್ಕದವರ ಮನೆಗೆ ನುಗ್ಗಿ ಕೂರುತ್ತಾನೆ. ಆದರೆ ಹೆಜ್ಜೆಹೆಜ್ಜೆಗೂ ತಪಾಸಣೆಯಾದ್ದರಿಂದ ಕೆಲಸ ನಿಧಾನ.

"ಏನ್ರೀ, ಆಮೆ ಸಾಕಿದೀರಾ? ತೆಗೀರಿ ಅದನ್ನ" ಎಂದು ಎಂಜಿನಿಯರ್ ಸಾಹೇಬರು ರೇಗಿದರು. ಮಾವನ ಭಯಗಳಲ್ಲಿ ಸಾಹೇಬರದೇ ದೊಡ್ಡದು. ಆ ಚೆಕ್ ತೆಗೆದರು.

ಮಗಳಿರುವ ಹೊಸ ಬಡಾವಣೆಗೆ ಒಂಬತ್ತನೇ ಟ್ಯಾಂಕು ಬಂತು. ಮಾವ ಲೈಬ್ರರಿಯಲ್ಲಿ ಮನೆಗಳ ಲೆಕ್ಕವನ್ನು ಎಂಟರಿಂದ ಒಂಬತ್ತು ಮಾಡಿದರು. ಇನ್ನು ಪಂಪ್‌ಹೌಸಿನ ಆಪರೇಟರ್ ಹೊಸ ಟ್ಯಾಂಕಿನ ಅಳತೆ ತುಂಬಿದರೆ ಮುಗಿಯಿತು. ನೀರು ಬಿಡುವ ದಿನ, ಹೆಂಡತಿಯೊಡನೆ, ಮೊಮ್ಮಗಳನ್ನು ನೋಡಲು ಹೊರಟರು.

ಊಟವಾದ ಮೇಲೆ ಬ್ಯಾಗಿನಿಂದ ಬಿ.ಪಿ. ಮಾತ್ರೆ ತೆಗೆದರೆ ತಾರೀಖು ದಾಟಿಹೋಗಿತ್ತು.

"ಲೇ, ಹೊಸಾದು ತಂದಿದ್ದೆನಲ್ಲೇ?"

"ತಂದು ಅಲಮಾರೀಲಿ ಇಟ್ರಿ. ಬ್ಯಾಗಿಗೇನು ತಾನೇ ನಡ್ಕೊಂಡು ಬರುತ್ತಾ?" ಎಂದರು ಹೆಂಡತಿ.

ಮಾವ ಲೋಟ ಕೆಳಗಿಟ್ಟರು. ಸರಿಮಾಡಿದ ಲೈಬ್ರರಿಯೂ ಕಚೇರಿಯಲ್ಲೇ ಕೂತಿದೆ! ಮತ್ತೆ ಕಂಪೈಲ್ ಮಾಡಿ ಕಳಿಸಿಯೇ ಇಲ್ಲ. ಪಂಪ್‌ಹೌಸಿನ ಮೂಟೆಯೊಳಗೆ ಇನ್ನೂ ಹಳೆಯದು, ಎಂಟೇ ಮನೆ. ಒಂಬತ್ತನೇ ಟ್ಯಾಂಕಿನ ಅಳತೆ, ಲಕ್ಷಗಟ್ಟಲೆ ಲೀಟರು, ಪಕ್ಕದ ಮನೆಗೆ ನುಗ್ಗಿರುತ್ತದೆ. ಪಕ್ಕದ ಮನೆಯಲ್ಲಿರುವುದು ಕ್ಲೋರಿನ್ನಿನ ಗರಿಷ್ಠ ಮಿತಿ. ಆ ಮಿತಿಯೇ ಲಕ್ಷಕ್ಕೇರಿದರೆ ಕ್ಲೋರಿನ್ನನ್ನು ತಡೆಯುವವರೇ ಇಲ್ಲ. ಕಿರುಚಬೇಕಾದವನ ಬಾಯಿಗೆ ಬಟ್ಟೆ ತುರುಕಿದ್ದೂ ತಾವೇ.

ಬಚ್ಚಲಲ್ಲಿ ನಲ್ಲಿ ಸುರಿಯುವ ಸದ್ದು.

"ಹೊಸ ನೀರು ಬಂತಪ್ಪಾ! ಮಗು ಮೈಯೆಲ್ಲ ಗಲೀಜು ಮಾಡ್ಕೊಂಡಿದೆ, ತೊಳೀತೀನಿ" ಎಂದಳು ಮಗಳು.

"ಮುಟ್ಬೇಡ!"

ಮಾವ ಓಡಿದ ಓಟಕ್ಕೆ ಕುರ್ಚಿ ಉರುಳಿತು. ಅಳಿಯ ನಕ್ಕ. "ನಲ್ಲಿಗೂ ಬೀಗ ತಂದಿದೀರಾ ಮಾವ?" ಮಾವ ಬಕೆಟ್ಟಿಗೆ ಬಗ್ಗಿದರು. ಕ್ಲೋರಿನ್ನಿನ ಘಾಟಿಗೆ ಕಣ್ಣು ಉರಿದು ನೀರು ಸುರಿಯಿತು. ಪಕ್ಕದಲ್ಲೇ ಬಗ್ಗಿದ ಅಳಿಯನ ನಗು ಅಲ್ಲೇ ಸತ್ತಿತು.

ಮಾವ ಪಂಪ್‌ಹೌಸಿಗೆ ಹಚ್ಚಿದ ಫೋನು ರಿಂಗಾಗುತ್ತಲೇ ಇತ್ತು. ಕೊನೆಗೆ ಆಪರೇಟರ್ ಎತ್ತಿದ. "ಸಾರ್, ಇಲ್ಲಿ ಘಾಟಿಗೆ ಉಸಿರಾಡೋಕೂ ಆಗ್ತಿಲ್ಲ. ಸ್ಕ್ರೀನಲ್ಲಿ ಮಾತ್ರ ಎಲ್ಲಾ ಸರಿಯಿದೆ ಅಂತ ಹಸಿರು ದೀಪ!"

"ದೀಪ ಹಾಳಾಗ್ಲಿ! ಕ್ಲೋರಿನ್ ನಿಲ್ಲಿಸು, ವಾಲ್ವ್ ಮುಚ್ಚು!"

ಆ ಕಡೆ ಬೂಟಿನ ಸದ್ದು, ಕಬ್ಬಿಣದ ಕಿರುಗುಟ್ಟುವಿಕೆ, ಕೆಮ್ಮು. ಆಮೇಲೆ ಏನೂ ಇಲ್ಲ.

"ಮುಚ್ಚಿದೆ ಸಾರ್. ಆದ್ರೆ ನಿಮ್ಮ ಕಡೆ ಬೀದಿಗೆ ಒಂದಷ್ಟು ಹೋಗಿಬಿಟ್ಟಿದೆ."

ಅಳಿಯ ಚಪ್ಪಲಿಯನ್ನೂ ಮೆಟ್ಟದೆ ಬೀದಿಗಿಳಿದು ಮನೆಮನೆಯ ಬಾಗಿಲು ಬಡಿಯತೊಡಗಿದ. "ನೀರು ಮುಟ್ಬೇಡಿ! ನಲ್ಲಿ ನಿಲ್ಲಿಸಿ!" ಒಳಗೆ ಮಗು ಅಳುತ್ತಲೇ ಇತ್ತು. ಮಗಳು ಆ ಬಕೆಟ್ಟನ್ನೂ ಅಪ್ಪನ ಮುಖವನ್ನೂ ನೋಡಿದಳು. ಮನೆಯಲ್ಲಿ ನಂಬಬಹುದಾದ ನೀರು ಒಂದೇ ಕಡೆ ಇತ್ತು. ಮೂಟೆ ಮಾವ ತಮ್ಮ ಕ್ಯಾನಿನ ಮುಚ್ಚಳ ತಿರುಗಿಸಿ ಮೂಸಿದರು, ಸಾಲದೆ ಇನ್ನೊಮ್ಮೆ ಮೂಸಿ, ಮಗಳ ಕೈಗಿತ್ತರು. ಆಮೇಲೆ ಫೋನಿಗೆ ಹೇಳಿದರು.

"ಮತ್ತೆ ಕಂಪೈಲ್ ಮಾಡಿ ನಾನೇ ತರ್ತೀನಿ, ಅಲ್ಲೀತನಕ ಏನನ್ನೂ ಶುರು ಮಾಡ್ಬೇಡ. ಮತ್ತೆ, ಸಾಹೇಬ್ರಿಗೆ ಹೇಳು, ಆಮೇನೂ ಜೊತೇಲೇ ಬರ್ತಿದೆ ಅಂತ."