ಪಿಚ್ಚೈ ಮಚ್ಚಾನ್ ಹೇಳದೆ ಹೋದ ಮಾತು

ತೇನಿಯ ಹಳೇ ಬಸ್ ಸ್ಟ್ಯಾಂಡ್ ಹಿಂದೆ ಒಂದು ಕಂಪ್ಯೂಟರ್ ಅಂಗಡಿ ಇದೆ. ಆ ಬೀದಿಗೆ ನಾನು ಈಗಲೂ ಕಾಲಿಡುವುದಿಲ್ಲ. ಇಟ್ಟರೆ ಕೈ ಸುಮ್ಮನಿರುವುದಿಲ್ಲ. ಅಂಗಡಿಯ ವಸಂತಕುಮಾರ್ ಕಳ್ಳನಲ್ಲ, ಮೋಸಗಾರನೂ ಅಲ್ಲ. ನನಗೆ ಹೆಚ್ಚು ಉರಿಯುವುದೇ ಅದಕ್ಕೆ. ಕಳ್ಳನಾಗಿದ್ದರೆ ಪೊಲೀಸರಿಗೆ ಹಿಡಿದುಕೊಡಬಹುದಿತ್ತು. ಅವನು ಕೇಳಬೇಕಾದ ಒಂದು ಮಾತನ್ನು ಕೇಳಲಿಲ್ಲ, ಅಷ್ಟೇ. "ಇದರೊಳಗೆ ಬೇಕಾದ್ದು ಏನಾದರೂ ಇದೆಯಾ?" ಎಂದು ಕೇಳಿದ್ದರೆ ಪಿಚ್ಚೈ ಮಚ್ಚಾನ್ ತಮ್ಮ ಮಾತನ್ನು ಹೇಳಿಯೇ ಹೋಗುತ್ತಿದ್ದರು.

ಪಿಚ್ಚೈ ನನ್ನ ಅಕ್ಕ ಮುತ್ತುಮಾರಿಯ ಗಂಡ. ಅಕ್ಕನ ಗಂಡನನ್ನು ನಮ್ಮಲ್ಲಿ ಮಚ್ಚಾನ್ ಅನ್ನುತ್ತೇವೆ. ಅವರು ನಮ್ಮನ್ನು ಮಾಪ್ಳೆ ಅನ್ನುತ್ತಾರೆ. ಹನುಮಂತನಪಟ್ಟಿಯವರು. ಉತ್ತಮಪಾಳಯಂ ಬಾಳೆಮಂಡಿಯಲ್ಲಿ ಹರಾಜು ಕೂಗುವುದು ಅವರ ಕೆಲಸ. ಅವರು ಕೂಗಲು ನಿಂತರೆ ರಸ್ತೆಯಲ್ಲಿ ಹೋಗುವ ಟೌನ್ ಬಸ್ಸಿನೊಳಗೂ ಕೇಳಿಸುತ್ತಿತ್ತು. ತಲೆಮಾರುಗಳಿಂದ ತಮಿಳುನಾಡಿನಲ್ಲೇ ಇರುವ ಕನ್ನಡದವರು ನಾವು; ವ್ಯಾಪಾರಿಗಳ ಜೊತೆ ತಮಿಳು, ಮನೆಗೆ ಬಂದರೆ ನಮ್ಮ ಕನ್ನಡ.

ಮುಚ್ಚಿಹೋದ ಬ್ರೌಸಿಂಗ್ ಸೆಂಟರಿನಿಂದ ಒಂದು ಹಳೇ ಕಂಪ್ಯೂಟರ್ ತಂದು ಮಂಡಿಯ ದರ ಟೈಪ್ ಮಾಡಿಡುತ್ತಿದ್ದರು. ಎರಡು ಸಲ ವೈರಸ್ ಬಂದು ಕೆಟ್ಟ ಮೇಲೆ, ದಿಂಡಿಗಲ್ಲಿನಲ್ಲಿ ಕಾಲೇಜು ಲ್ಯಾಬ್ ನೋಡಿಕೊಳ್ಳುವ ನಮ್ಮವನೇ ಒಬ್ಬ ಹುಡುಗ, ವಿಘ್ನೇಶ್ವರನ್, ಎಲ್ಲರೂ ಬಳಸುವ ವಿಂಡೋಸ್ ತೆಗೆದು ಅದಕ್ಕೆ ಲಿನಕ್ಸ್ ಹಾಕಿಕೊಟ್ಟ. ನಾನು ಗೇಲಿ ಮಾಡಿದೆ.

"ಊರೆಲ್ಲ ರೋಡ್ ಮ್ಯಾಲೆ ಓದ್ರೆ ನೀವು ಕೆರೆ ಏರಿ ಮ್ಯಾಲೆ ಓಗ್ತೀರ ಮಚ್ಚಾ."

"ಏರಿ ಮ್ಯಾಲೆ ಗಾಳಿ ಚೆನ್ನಾಗೈತೆ ಮಾಪ್ಳೆ."

ಕೆಟ್ಟಾಗ ಅದು ಕಪ್ಪು ಪರದೆಯಲ್ಲಿ ಇಂಗ್ಲಿಷಿನ ಸಾಲುಗಳನ್ನು ಸುರಿಯುತ್ತಿತ್ತು. ನನಗಾದರೆ ಎತ್ತಿ ಒಗೆಯಬೇಕು ಅನ್ನಿಸುತ್ತಿತ್ತು. ಅವರು ಸಾಲಿನ ಮೇಲೆ ಬೆರಳಿಟ್ಟು ಓದಿ, ವಿಘ್ನೇಶ್ವರನಿಗೆ ಫೋನ್ ಮಾಡಿ, ನಿಧಾನವಾಗಿ ಸರಿ ಮಾಡುತ್ತಿದ್ದರು. "ಅದು ನಮ್ಮುನ್ನ ಬಯ್ತಾ ಇಲ್ಲ ಮಾಪ್ಳೆ. ಎಲ್ಲಿ ನೋಯ್ತಾ ಐತೆ ಅಂತ ಏಳ್ತಾ ಐತೆ. ನಿನ್ನಂಗೆ ಕೈ ಎತ್ತುದ್ರೆ ಏಳೋದ್ನೂ ನಿಲ್ಲಿಸ್ಬಿಡ್ತೈತೆ."

ಆಮೇಲೆ ಅವರ ಗಂಟಲಿಗೇ ನೋವು ಬಂತು. ಕೂಗಿ ಕೂಗಿ ಹೀಗಾಗಿದೆ ಎಂದು ನಾವೆಲ್ಲ ಕಷಾಯ ಕುಡಿಸಿದೆವು. ಮದುರೆಯ ಡಾಕ್ಟರು ಕ್ಯಾನ್ಸರ್ ಅಂದರು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದರು.

ಆಪರೇಷನ್ನಿಗೆ ಮುಂಚೆ ಮಚ್ಚಾನ್ ಮೈಕ್ ತಂದು ಆ ಕಂಪ್ಯೂಟರಿನ ಮುಂದೆ ಕೂತರು. ನೀರು ಕೊಡು, ಫ್ಯಾನ್ ಹಾಕು, ಯಾರದು ಬಾಗಿಲಲ್ಲಿ ಎಂದು ದಿನಕ್ಕೆ ಬೇಕಾದ ಮಾತುಗಳನ್ನೆಲ್ಲ ತಮ್ಮ ಧ್ವನಿಯಲ್ಲೇ ಹೇಳಿ ತುಂಬಿಸಿದರು. ಒಂದೊಂದು ಮಾತಿಗೆ ಒಂದೊಂದು ಕೀ. ಒತ್ತಿದರೆ ಅವರೇ ಮಾತಾಡಿದ ಹಾಗೆ. ಮಾತೆತ್ತಿದರೆ ಕೋಪ ಮಾಡಿಕೊಳ್ಳುವ ನನಗೆಂದು ಒಂದು ಬೈಗಳವೂ ಇತ್ತು: "ಲೇ ಕೋವಕಾರಾ, ಉಸುರು ಬಿಟ್ಟು ಮಾತಾಡು!"

ಕೊನೆಗೆ ತುಂಬಿಸಿದ್ದು ಮಗಳಿಗಾಗಿ. ನಮ್ಮ ಮನೆತನದಲ್ಲಿ ನಿಶ್ಚಯದ ದಿನ, ತಾಂಬೂಲದ ತಟ್ಟೆ ಬದಲಾಯಿಸುವ ಮುಂಚೆ, ಹುಡುಗಿಯ ಅಪ್ಪ ಎಲ್ಲರಿಗೂ ಕೇಳಿಸುವಂತೆ "ನನ್ನ ಹೆಣ್ಣ ಕೊಟ್ಟೆ" ಅನ್ನಬೇಕು. ಹುಡುಗನ ಕಡೆ ಹಿರಿಯರು "ತಕ್ಕೊಂಡೋ", ಅಂದರೆ ತೆಗೆದುಕೊಂಡೆವು, ಅನ್ನಬೇಕು. ಮಿಕ್ಕದ್ದೆಲ್ಲ ತಮಿಳಿನಲ್ಲಿ ನಡೆದರೂ ಈ ಎರಡು ಮಾತು ಮಾತ್ರ ಕನ್ನಡದಲ್ಲೇ. ಜನನಿಗೆ ಆಗ ಇನ್ನೂ ವರ ನೋಡಿರಲಿಲ್ಲ. ಆದರೂ ಮಚ್ಚಾನ್ ಅದನ್ನು ಹೇಳಿಟ್ಟರು. ಅಕ್ಕ ಆ ಕೀಗೆ ಕುಂಕುಮ ಇಟ್ಟಳು. "ಇದುನ್ನ ಯಾರೂ ಮುಟ್ಬಾರ್ದು" ಅಂದಳು.

ಆಪರೇಷನ್ ಆಯಿತು. ಮಂಡಿಗೆ ಬೇರೆಯವನು ಬಂದ. ಮಚ್ಚಾನ್ ಕುತ್ತಿಗೆಯ ತೂತಿಗೆ ಬಟ್ಟೆ ಕಟ್ಟಿಕೊಂಡು ಕಂಪ್ಯೂಟರಿನ ಮುಂದೆ ಕೂತು ಮನೆ ನಡೆಸಿದರು. ಎರಡು ವರ್ಷಕ್ಕೆ ಜನನಿಗೆ ಪಳನಿ ಕಡೆಯ ಸಂಬಂಧ ಗೊತ್ತಾಯಿತು.

ಅಪ್ಪನ ಕಣ್ಣು ನೋಯುತ್ತದೆ ಎಂದು ಜನನಿ ದೊಡ್ಡ ಹೊಸ ಮಾನಿಟರ್ ತಂದು ಜೋಡಿಸಿದಳು. ಅದೇ ದಿನ ಮಚ್ಚಾನ್‌ಗೆ ಗಂಟಲಲ್ಲಿ ರಕ್ತ ಬಂದು ಮದುರೆಗೆ ಸೇರಿಸಬೇಕಾಯಿತು. ಮಾರನೇ ದಿನ ಅಕ್ಕ ಸುಮ್ಮನೆ ನೀರಿನ ಕೀ ಒತ್ತಿ ನೋಡಿದಳು. ಸದ್ದೇ ಇಲ್ಲ.

"ಅವ್ರು ಬರೋದ್ರೊಳ್ಗೆ ಸರಿ ಮಾಡಿಸ್ಬಿಡೋ ತಮ್ಮಾ. ಬಾಯಿಲ್ದಿರೋ ಮನೆಗೆ ಅವುರ್ನ ಎಂಗೆ ಕರ್ಕೊಂಬರ್ಲಿ?"

ಸ್ಪೀಕರ್ ಬದಲಿಸಿದೆ. ವೈರ್ ಬದಲಿಸಿದೆ. ಪರದೆಯ ಮೇಲೆ ಹಸಿರು ಗೀಟು ಕುಣಿಯುತ್ತದೆ, ಹಾಡು ಓಡುತ್ತಿದೆ ಅನ್ನುತ್ತದೆ, ಸ್ಪೀಕರಿನಲ್ಲಿ ಮಾತ್ರ ಏನೂ ಇಲ್ಲ. ವಿಘ್ನೇಶ್ವರನ ಫೋನ್ ಆಫ್ ಇತ್ತು. ಮಾನಿಟರನ್ನು ಮನೆಯಲ್ಲೇ ಬಿಟ್ಟು, ಕಂಪ್ಯೂಟರಿನ ಪೆಟ್ಟಿಗೆಯನ್ನಷ್ಟೇ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತೇನಿಗೆ ಹೋದೆ.

ವಸಂತಕುಮಾರ್ ತನ್ನ ಮಾನಿಟರಿಗೆ ಜೋಡಿಸಿ ನೋಡಿ ನಕ್ಕ. "ಲಿನಕ್ಸಾ? ಇದ ವಚ್ಚು ಎನ್ನಣ್ಣೇ ಪಣ್ರೀಂಗ?" ಇದನ್ನಿಟ್ಟುಕೊಂಡು ಏನು ಮಾಡ್ತೀರಿ ಅಂತ. ಸೌಂಡ್ ಬರಬೇಕು, ಅಷ್ಟೇ ಅಂದೆ. ಸಂಜೆ ಬನ್ನಿ ಅಂದ. ಸಂಜೆ ಹೋದರೆ ಅಂಗಡಿ ಅದುರುವ ಹಾಗೆ ಸಿನಿಮಾ ಹಾಡು ಹಾಕಿಟ್ಟಿದ್ದ. ನಾನು ಖುಷಿಯಿಂದ ಅವನಿಗೆ ಟೀ ಕೊಡಿಸಿ ಬಂದೆ. ಆ ಟೀ ನೆನೆದರೆ ಈಗಲೂ ಮೈ ಉರಿಯುತ್ತದೆ.

ಮಚ್ಚಾನ್ ಆಸ್ಪತ್ರೆಯಿಂದ ಬಂದು ಕುರ್ಚಿಯಲ್ಲಿ ಕೂತು ನೀರಿನ ಕೀ ಒತ್ತಿದರು. ಏನೂ ಆಗಲಿಲ್ಲ. ಫ್ಯಾನಿನ ಕೀ ಒತ್ತಿದರು. ಪರದೆ ನೋಡಿದರು. ಅವರ ಲಿನಕ್ಸ್ ಅಲ್ಲಿರಲಿಲ್ಲ, ವಿಂಡೋಸ್ ಇತ್ತು. ನಮಗಿನ್ನೂ ಏನೂ ಗೊತ್ತಾಗಿರಲಿಲ್ಲ, ಅವರಿಗೆ ಆಗಲೇ ಗೊತ್ತಾಗಿತ್ತು. ಕುಂಕುಮದ ಕೀ ಮೇಲೆ ಬೆರಳಿಟ್ಟರು, ಒತ್ತಲಿಲ್ಲ.

ಅಂಗಡಿಯವನು ವಿಂಡೋಸ್ ಹಾಕಲು ಒಳಗಿದ್ದದ್ದನ್ನೆಲ್ಲ ಅಳಿಸಿದ್ದಾನೆ ಎಂದು ಫೋನಿಗೆ ಸಿಕ್ಕಿದ ವಿಘ್ನೇಶ್ವರನ್ ಕಿರುಚಿದ. "ಅಣ್ಣಾ, ಮೊದ್ಲು ವೈರ್ ಕಿತ್ತಾಕಿ! ಅದು ಓಡ್ತಾ ಇದ್ರೆ ಅಳ್ಸಿರೋ ಜಾಗದ ಮ್ಯಾಲೆ ಬೇರೇದು ಬರ್ದ್ಬಿಡ್ತೈತೆ!" ಮಾರನೇ ಬೆಳಗ್ಗೆ ದಿಂಡಿಗಲ್ಲಿನಿಂದ ಬಂದು, ತಾನು ತಂದ ಪೆನ್ ಡ್ರೈವಿನಿಂದ ಲಿನಕ್ಸ್ ಓಡಿಸಿದ. ಆಗಲೂ ಸದ್ದಿಲ್ಲ. ಸೌಂಡ್ ಸೆಟ್ಟಿಂಗ್ ತೆಗೆದು ನೋಡಿ ತಲೆ ಮೇಲೆ ಕೈ ಹೊತ್ತ. ಹೊಸ ಮಾನಿಟರ್ ಹಾಕಿದ್ದರಿಂದ ಕಂಪ್ಯೂಟರ್ ಸದ್ದನ್ನು ಅದರ ವೈರಿಗೇ ಕಳಿಸುತ್ತಿತ್ತು. ಆ ಮಾನಿಟರಿಗೆ ಸ್ಪೀಕರೇ ಇಲ್ಲ. ಆಯ್ಕೆ ಬದಲಿಸಿದ, ಸ್ಪೀಕರ್ ಗುರ್ ಅಂದಿತು.

"ಇಷ್ಟೇ ಅಣ್ಣಾ. ಒಂದ್ ಕ್ಲಿಕ್."

ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ. ತೇನಿಗೆ ಅಂತ ಯಾರಿಗೂ ಹೇಳಬೇಕಾಗಿರಲಿಲ್ಲ. ಮಚ್ಚಾನ್ ನನ್ನ ಪಂಚೆ ಹಿಡಿದು ಎಳೆದು ಕೂರಿಸಿದರು.

"ಎರಡು ಕಡೆ ಇಟ್ಕೊಳ್ಳಿ ಅಂದಿದ್ನಲ್ಲಾ ಮಾಮಾ?" ಎಂದು ವಿಘ್ನೇಶ್ವರನ್ ಕೇಳಿದ. ಮಚ್ಚಾನ್ ಸ್ಲೇಟಿನಲ್ಲಿ ಬರೆದರು: ಇಟ್ಟಿದ್ದೆ. ಎರಡೂ ಇದರಲ್ಲೇ.

ಅಳಿಸಿದ್ದನ್ನು ಹೆಕ್ಕುವ ಕೆಲಸ ಶುರುವಾಯಿತು. ಸಿಕ್ಕಿದ್ದಕ್ಕೆ ಹೆಸರಿಲ್ಲ, ತಲೆಬುಡವಿಲ್ಲ, ಬರೀ ನಂಬರು. ಒಂದೊಂದನ್ನೇ ಹಾಕಿ ಕೇಳಿದೆವು. ಯಾವುದೋ ಸಿನಿಮಾದ ಚೂರು. ಕೆಮ್ಮು. "ಫ್ಯಾನ್" ಅಂದು ನಿಂತದ್ದು. ಅಕ್ಕ ಗೋಡೆಗೆ ಒರಗಿ, ಪ್ರತಿ ಚೂರಿಗೂ ಗಂಡನ ಮುಖ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಮನೆ ಗದರಿತು: "ಲೇ ಕೋವಕಾರಾ, ಉಸುರು ಬಿಟ್ಟು ಮಾತಾಡು!" ನನ್ನ ಬೈಗಳ ಇಡಿಯಾಗಿ ಸಿಕ್ಕಿತ್ತು. ಯಾರೂ ನಗಲಿಲ್ಲ.

ಹೊತ್ತು ಇಳಿಯುವಾಗ ಅದು ಬಂತು. "ನನ್ನ ಹೆಣ್ಣ" ಅಂದಿತು. ಆಮೇಲೆ ಕರಕರ ಸದ್ದು. ಎಷ್ಟು ಸಲ ಹಾಕಿದರೂ ಅಷ್ಟೇ. ಮಿಕ್ಕದ್ದರ ಮೇಲೆ ವಿಂಡೋಸ್ ಕೂತಿದೆ, ತೆಗೆಯೋಕಾಗಲ್ಲ ಎಂದ ವಿಘ್ನೇಶ್ವರನ್. ಕಂಪ್ಯೂಟರೇ ಕನ್ನಡ ಓದುವ ಹಾಗೂ ಮಾಡಬಹುದು ಎಂದು "ಕೊಟ್ಟೆ" ಅಂತ ಬರೆದು ಓದಿಸಿದ. ರೈಲ್ವೆ ಸ್ಟೇಷನ್ನಿನಲ್ಲಿ ರೈಲು ಬರುವುದನ್ನು ಹೇಳುತ್ತಾರಲ್ಲ, ಹಾಗಿತ್ತು. ಮಚ್ಚಾನ್ ಬೇಡವೆಂದು ಕೈ ಆಡಿಸಿದರು.

ಸಿಕ್ಕಿದ ಆ ಚೂರನ್ನೇ ವಿಘ್ನೇಶ್ವರನ್ ಕುಂಕುಮದ ಕೀಗೆ ಜೋಡಿಸಿಕೊಟ್ಟ. ನಿಶ್ಚಯದ ದಿನ ಕಂಪ್ಯೂಟರನ್ನು ಪಡಸಾಲೆಗೆ ತಂದಿಟ್ಟೆವು. ತಾಯಿಮಾಮ ನೀನು, ನೀನೇ ಹೇಳಿಬಿಡು ಎಂದು ಹಿರಿಯರು ನನಗೆ ಅಂದರು. ಅಪ್ಪ ಕೂತಿರುವಾಗ ನಾನ್ಯಾಕೆ ಹೇಳಲಿ ಎಂದು ಸಿಡಿದೆ. ಮಚ್ಚಾನ್ ಕುಂಕುಮದ ಕೀ ಒತ್ತಿದರು.

"ನನ್ನ ಹೆಣ್ಣ."

ಮಂಡಿಯಲ್ಲಿ ಕೇಳುತ್ತಿದ್ದ ಅದೇ ಧ್ವನಿ. ಪಡಸಾಲೆ ಕಾಯಿತು. ಮಚ್ಚಾನ್ ಎದ್ದು ನಿಂತು ಬಾಯಿ ತೆರೆದರು. ಕುತ್ತಿಗೆಯ ಬಟ್ಟೆ ಒಂದು ಸಲ ಉಬ್ಬಿ ಇಳಿಯಿತು. ಉಸಿರು ಬಿಟ್ಟು ಬೇರೇನೂ ಬರಲಿಲ್ಲ. ಜನನಿ ತಲೆ ತಗ್ಗಿಸಿಕೊಂಡಿದ್ದಳು. ಹುಡುಗನ ದೊಡ್ಡಪ್ಪ ಅತ್ತಿತ್ತ ನೋಡಿ, ಗಂಟಲು ಸರಿಮಾಡಿಕೊಂಡು, "ತಕ್ಕೊಂಡೋ" ಅಂದುಬಿಟ್ಟರು. ತಟ್ಟೆ ಬದಲಾಯಿತು.

ಮದುವೆಗೆ ಮುಂಚೆಯೇ ಮಚ್ಚಾನ್ ಹೋದರು.

ಕಂಪ್ಯೂಟರ್ ಅಕ್ಕನ ಮನೆಯಲ್ಲೇ ಇದೆ. ವಿಘ್ನೇಶ್ವರನ್ ಮತ್ತೆ ಲಿನಕ್ಸ್ ಹಾಕಿಕೊಟ್ಟಿದ್ದಾನೆ. ಸದ್ದು ಚೆನ್ನಾಗಿ ಬರುತ್ತದೆ. ಕುಂಕುಮ ಅಳಿಸಿದಾಗಲೆಲ್ಲ ಅಕ್ಕ ಮತ್ತೆ ಇಡುತ್ತಾಳೆ.

ಪೊಂಗಲಿಗೆ ಸೀರು, ಅಂದರೆ ತವರಿನ ಉಡುಗೊರೆ, ಹೊತ್ತು ನಾನು ಜನನಿಯ ಮನೆಗೆ ಹೋಗುತ್ತೇನೆ. ಆ ದೊಡ್ಡಪ್ಪ ಕೆಟ್ಟವರಲ್ಲ, ಬಾಗಿಲಿಗೇ ಬಂದು ಕೈ ಹಿಡಿದುಕೊಳ್ಳುತ್ತಾರೆ, ನಗುತ್ತಾರೆ.

"ವಾಂಗೋ ಸಂಬಂಧೀ, ನೀವಿನ್ನೂ ಕೊಟ್ಟೇ ಇಲ್ಲ, ನಾವು ತಕ್ಕೊಂಡು ಕೂತಿದ್ದೀವಿ. ನಿಮ್ ಕಡೇದು ಒಂದ್ ಮಾತು ಬಾಕಿ ಐತೆ."

ಒಳಗೆ ಜನನಿ ಲೋಟ ತೊಳೆಯುತ್ತಿದ್ದವಳು ನಿಲ್ಲಿಸುತ್ತಾಳೆ. ಬೇರೆ ಯಾರಾದರೂ ಅಂದಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ. ಆದರೆ ಅವರು ಹೇಳುವುದು ನಿಜ. ಸೀರಿನ ತಟ್ಟೆಯನ್ನು ಹೊಸಲಿನ ಒಳಗೆ ಇಡುತ್ತೇನೆ. ಬಾಕಿ ಹಾಗೇ ಇದೆ.