ಲಿಂಗಕ್ಕೆ ತೋರಿಸಿದ ಎಣ್ಣೆ

ಬಿಸಿಲು ಸಾಲದೆ ಕೂಸಿನ ಕಾಲು ಬಾಗಿವೆ ಎಂದು ಶಹಾಬಾದಿನ ದವಾಖಾನೆಯ ಡಾಕ್ಟರು ಹೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಬಿಸಿಲಿಗೆ ಬರವೇ ನಮ್ಮ ಸೀಮೆಯಲ್ಲಿ? ಭಂಕೂರಿನ ನಮ್ಮ ಅಂಗಳಕ್ಕೆ ಹಾಸಿದ ಫರಸಿಕಲ್ಲಿನ ಮೇಲೆ ಬೇಸಿಗೆಯಲ್ಲಿ ಬರಿಗಾಲಿಟ್ಟರೆ ಬೊಬ್ಬೆ ಏಳುತ್ತಿತ್ತು. ಅಂಥ ಊರಿನ ಮಗುವಿಗೆ ಬಿಸಿಲಿನ ಕೊರತೆ ಎಂದರೆ ಯಾರು ನಂಬಬೇಕು!

ಆದರೆ ಮಾತು ಸುಳ್ಳಾಗಿರಲಿಲ್ಲ. ನನ್ನ ಮಗಳು ಹುಟ್ಟಿದ್ದು ನಿಜಾಮರ ಆಳ್ವಿಕೆ ಮುಗಿಯುವ ಗದ್ದಲದ ದಿನಗಳಲ್ಲಿ. ಹಾಡಹಗಲೇ ಅಗಳಿ ಹಾಕಿಕೊಂಡು ಒಳಕೋಣೆಯಲ್ಲಿ ಕೂತದ್ದೇ ನನ್ನ ಬಾಣಂತನ. ಗದ್ದಲ ಅಡಗಿತು, ಕಚೇರಿಗಳ ಮೇಲೆ ಬಾವುಟ ಬದಲಾಯಿತು, ನಮ್ಮ ಅತ್ತೆಯ ಅಗಳಿ ಮಾತ್ರ ಸರಿಯಲಿಲ್ಲ. ಮೊದಲು ಅಂಜಿಕೆ, ಆಮೇಲೆ ದೃಷ್ಟಿ, ಅದೂ ಮುಗಿದ ಮೇಲೆ "ಹೆಣ್ಣುಕೂಸು, ಬಿಸ್ಲಿಗಿ ಕರ್ರಗ ಆಗ್ತದ" ಎಂಬ ನೆಪ. ಕಲ್ಲಿನ ಗೋಡೆ, ಕಲ್ಲಿನ ಮಾಡು, ಅಂಗೈಯಗಲದ ಬೆಳಕಿಂಡಿ. ಓರಗೆಯ ಮಕ್ಕಳು ಓಣಿ ತುಂಬ ಓಡುತ್ತಿದ್ದರೆ ನನ್ನ ಮಗಳು ನಿಲ್ಲಿಸಿದರೆ ಕುಸಿಯುತ್ತಿದ್ದಳು. ಇವಳು ಎಂದೂ ನಡೆಯಲಾರಳೇನೋ ಎಂಬ ಭಯಕ್ಕೆ ನನಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

"ವಿಟಮಿನ್ ಡಿ ಅಂತ ಒಂದು ಸತ್ವ ಅದವ್ವಾ. ಬಿಸ್ಲು ಬಿದ್ರ ಮೈಯೇ ಅದನ್ನ ಮಾಡ್ಕೊಂತದ. ದಿನಾ ಅಂಗಳದಾಗ ಆಡಸ್ರಿ. ಈ ಎಣ್ಣಿನೂ ಸಣ್ಣ ಚಮಚದಾಗ ಕುಡಸ್ರಿ," ಎಂದರು ಡಾಕ್ಟರು.

ಅತ್ತೆ ಬಿಡುವವರಲ್ಲ. "ಗಾಣದ ಕುಸಬಿ ಎಣ್ಣಿ ಅದ, ಮನಿ ಎಮ್ಮಿ ತುಪ್ಪ ಅದ. ಅದನ್ನ ಬಿಟ್ಟು ಈ ನಾರೂ ಎಣ್ಣಿ ಯಾಕ್ರಿ?"

"ಅವೂ ಚಲೋನೇ ರೀ. ಆದ್ರ ಕೂಸಿಗಿ ಬೇಕಾದಷ್ಟು ಈ ಸತ್ವ ಅವುದ್ರಾಗ ಇಲ್ಲ."

ಯಾವುದರ ಎಣ್ಣೆ ಎಂದು ಕೇಳುವುದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ. ನಮಗೆ ಎಣ್ಣೆ ಎಂದರೆ ಬೀಜದ್ದು; ಕುಸುಬೆಯೋ ಎಳ್ಳೋ ಅಗಸೆಯೋ, ಅಷ್ಟೇ ಪ್ರಪಂಚ.

ಬಿಸಿಲಿನ ಮಾತನ್ನು ಅತ್ತೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು. ಎಣ್ಣೆಯನ್ನು ಮಾತ್ರ ಶ್ರದ್ಧೆಯಿಂದ ಹಿಡಿದರು. ನಮ್ಮದು ಲಿಂಗವಂತರ ಮನೆ. ಲಿಂಗಕ್ಕೆ ತೋರಿಸದ ತುತ್ತು ಬಾಯಿಗೆ ಹೋಗುವಂತಿಲ್ಲ, ಅದು ಔಷಧವಾದರೂ ಸರಿ. ಬೆಳಿಗ್ಗೆ ಪೂಜೆಗೆ ಕೂತು, ಎಡಗೈಯಲ್ಲಿ ಲಿಂಗ, ಬಲಗೈಯಲ್ಲಿ ಎಣ್ಣೆಯ ಚಮಚ. ಲಿಂಗಕ್ಕೆ ತೋರಿಸಿ, ಕೂಸಿನ ಮೂಗು ಹಿಡಿದು ಕುಡಿಸಿ, ಚಮಚದಲ್ಲಿ ಉಳಿದ ಹನಿಯನ್ನು ತಾವೇ ನೆಕ್ಕುತ್ತಿದ್ದರು. ಪ್ರಸಾದ ಚೆಲ್ಲಬಾರದಲ್ಲ! ಮುಖ ಹುಣಸೆಹಣ್ಣು ತಿಂದಂತಾದರೂ "ಶಿವಾ ಶಿವಾ" ಎಂದು ನುಂಗುತ್ತಿದ್ದರು. ಓಣಿಯ ಬೆಕ್ಕೊಂದು ಪೂಜೆಯ ಹೊತ್ತಿಗೆ ಸರಿಯಾಗಿ ಬಂದು ಅವರ ಸೀರೆಗೆ ಮೈ ಉಜ್ಜತೊಡಗಿತು.

"ಬೆಕ್ಕಿಗೂ ಭಕ್ತಿ ಹುಟ್ಟೇದ ನೋಡು," ಎಂದು ಅತ್ತೆ ಬೀಗಿದರು.

ಆ ಸೀಸೆ ಮುಗಿಯುವ ಹೊತ್ತಿಗೆ ಮಗಳು ಗೋಡೆ ಹಿಡಿದು ನಿಲ್ಲತೊಡಗಿದ್ದಳು. ಮತ್ತೊಂದು ಸೀಸೆ ತರಲು ಅತ್ತೆ ಹಿಗ್ಗಿನಿಂದ ನನ್ನನ್ನು ಕಟ್ಟಿಕೊಂಡು ದವಾಖಾನೆಗೆ ನಡೆದರು. ಔಷಧ ಕೊಡುವ ಕಂಪೌಂಡರ್ ಕಿಟಕಿಯಾಚೆಯಿಂದಲೇ ಕೂಗಿದ, "ಮೀನೆಣ್ಣಿ ತೀರಿತೇನ್ರಿ?"

"ಏನೆಣ್ಣಿ?" ಎಂದರು ಅತ್ತೆ.

"ಮೀನಿಂದ್ರಿ ಅವ್ವಾ. ಸಮುದ್ರದ ಮೀನಿನ ಹೊಟ್ಟ್ಯಾಗಿನ ಕಲೀಜದ ಎಣ್ಣಿ."

ನನ್ನ ಕಿವಿ ಗುಂಯ್ ಎಂದಿತು. ಮೀನಿನ ಬುಟ್ಟಿ ಎದುರು ಬಂದರೆ ದಾರಿಯನ್ನೇ ಬದಲಿಸುವ ಹೆಂಗಸು ನಮ್ಮ ಅತ್ತೆ. ಇಷ್ಟು ದಿನ ಅದನ್ನೇ ಲಿಂಗಕ್ಕೆ ತೋರಿಸಿದ್ದರು, ನೆಕ್ಕಿದ್ದರು! ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಕಂಪೌಂಡರ್ ತುಂಬಿಸಿಟ್ಟ ಸೀಸೆಯನ್ನು ಅವರು ಮುಟ್ಟಲಿಲ್ಲ, ನಾನು ಸೆರಗಿನಲ್ಲಿ ಸುತ್ತಿಕೊಂಡೆ. ಊರು ಮುಟ್ಟುವವರೆಗೆ ಅವರು ನನ್ನಿಂದ ನಾಲ್ಕು ಹೆಜ್ಜೆ ದೂರವೇ ನಡೆದರು.

ಮನೆಗೆ ಬಂದವರೇ ಉಟ್ಟ ಸೀರೆಯಲ್ಲೇ ತಲೆಯ ಮೇಲೆ ನೀರು ಸುರಿದುಕೊಂಡು, ಮಡಿಯುಟ್ಟು ಪೂಜೆಯ ಕೋಣೆ ಸೇರಿ ಕದ ಹಾಕಿಕೊಂಡರು. ಸೀಸೆ ಒಡೆಯುತ್ತಾರೆ ಎಂದು ನನಗೆ ಖಾತ್ರಿಯಾಯಿತು. ಅದನ್ನು ಜೋಳದ ಚೀಲದಲ್ಲಿ ಹುದುಗಿಸಿದೆ. ನನಗೂ ಹೇಸಿಗೆಯಾಗಿತ್ತು. ಆದರೂ ಕುಲ ಕೆಟ್ಟರೆ ಕೆಡಲಿ, ನನ್ನ ಮಗಳು ನಡೆಯಬೇಕು ಎಂದು ಹಲ್ಲು ಕಚ್ಚಿ ಕೂತೆ.

ಕದ ತೆರೆಯಿತು. ಅತ್ತೆಯ ಕಣ್ಣು ಕೆಂಪಾಗಿದ್ದವು.

"ಎಣ್ಣಿ ಎಲ್ಲಿಟ್ಟಿ?"

"ಒಗೀಬ್ಯಾಡ್ರಿ ಅತ್ತಿ, ನಿಮ್ಮ ಕಾಲಿಗಿ ಬೀಳ್ತೀನಿ."

"ಒಗೀಲಿಕ್ಕ ನನಗೇನು ಹುಚ್ಚು ಹಿಡದದ? ಲಿಂಗಕ್ಕ ತೋರಿಸಿದ ಮ್ಯಾಲ ಅದು ಮೀನೂ ಅಲ್ಲ, ಎಣ್ಣಿನೂ ಅಲ್ಲ, ಪ್ರಸಾದ. ಪ್ರಸಾದ ಒಲ್ಲೆ ಅನ್ನಾಕ ನಾ ಯಾರು? ತಗೊಂಡು ಬಾ." ಎರಡು ಹೆಜ್ಜೆ ಇಟ್ಟು ತಿರುಗಿದರು. "ಆ ಅಗಳಿನೂ ತಗಿ. ಕೂಸಿನ್ನ ಬಿಸ್ಲಿಗಿ ಬಿಡು. ಕರ್ರಗ ಆದ್ರ ಆಗ್ಲಿ."

ನಾನು ಬಾಯಿ ತೆರೆದುಕೊಂಡೇ ಅಗಳಿ ತೆಗೆದೆ.

ಅಂಗಳದ ಇಳಿಬಿಸಿಲಿನಲ್ಲಿ ಮಗಳನ್ನು ಮಡಿಲಿಗೆ ಹಾಕಿಕೊಂಡು ಕೂತು ಅತ್ತೆ ಚಮಚವನ್ನು ಲಿಂಗಕ್ಕೆ ತೋರಿಸಿದರು, ಕೂಸಿಗೆ ಕುಡಿಸಿದರು. ತೊಳೆದಿಡೋಣವೆಂದು ನಾನು ಚಮಚಕ್ಕೆ ಕೈ ಚಾಚಿದೆ. ಅವರು ಕೊಡಲಿಲ್ಲ. ನನ್ನನ್ನೇ ನೋಡುತ್ತ, ಉಳಿದ ಹನಿಯನ್ನು ಎಂದಿನಂತೆ ನೆಕ್ಕಿದರು.