ಸೂಜಿಯಕ್ಕ ಮಗಳಿಗೆ ಹೊಲಿದ ಅಂಗಿ

ಸೂಜಿಯಕ್ಕ ಮದುವೆಯಾಗಿ ಕಾಡಂಚಿನ ಆ ಊರಿಗೆ ಬರುವಾಗ ಜೊತೆಗೆ ತಂದದ್ದು ಕಾಲಲ್ಲಿ ತುಳಿಯುವ ಒಂದು ಹೊಲಿಗೆ ಯಂತ್ರ, ಅದಕ್ಕಿಂತ ಭಾರವಾದ ಒಂದು ಹಠ. ಬಟ್ಟೆಯ ಒಳಮೈ ಹೊರಮೈಯಷ್ಟೇ ಚೆಂದ ಇರಬೇಕು ಅನ್ನುವ ಹಠ. ಪೇಟೆಯ ದೊಡ್ಡ ಹೊಲಿಗೆ ಅಂಗಡಿಯಲ್ಲಿ ಕೆಲಸ ಕಲಿತವಳು. ಅಲ್ಲಿಯ ಯಜಮಾನ ಅಂಗಿ ಮೈಮೇಲೆ ಹೇಗೆ ಕೂತಿದೆ ಅಂತ ನೋಡುತ್ತಲೇ ಇರಲಿಲ್ಲವಂತೆ. ಕೈಗೆ ಕೊಟ್ಟ ತಕ್ಷಣ ಒಳಗಿನದನ್ನು ಹೊರಗೆ ಮಾಡಿ, ಎಲ್ಲಾದರೂ ಒಂದು ನೂಲೆಳೆ ಇಣುಕಿದರೆ ಅಳತೆಪಟ್ಟಿಯಿಂದ ಬೆರಳ ಗೆಣ್ಣಿಗೆ ಬಾರಿಸುತ್ತಿದ್ದನಂತೆ. ಆ ಏಟು ಗೆಣ್ಣಿನಿಂದ ಇಳಿದು ಅವಳ ರಕ್ತಕ್ಕೇ ಸೇರಿಬಿಟ್ಟಿತ್ತು.

ಅವಳು ಬಂದು ಸೇರಿದ ಊರೋ, ಈ ಹಠಕ್ಕೆ ಪೂರಾ ತದ್ವಿರುದ್ಧ. ಅಲ್ಲಿಯವರ ಕಸುಬು ಕಾಡಿನ ಅಂಟು. ಮರದ ತೊಗಟೆಗೆ ಕಚ್ಚು ಹಾಕಿ, ಒಸರಿ ಗಟ್ಟಿಯಾದ ಅಂಟನ್ನು ಕೆರೆದು ತಂದು, ಕಾಡಂಚಿನ ಹಲಗೆ ಕೊಟ್ಟಿಗೆಯಲ್ಲಿ ಕಸಕಡ್ಡಿ ಆರಿಸಿ ಪೇಟೆಗೆ ಕಳಿಸುವುದು. ಕೇಳಲು ಸುಲಭ. ಆದರೆ ಆ ಕಾಡು ಬರಿಯ ಕಾಡಲ್ಲ. ಒಳಗೆ ಬಂದವರನ್ನು ಕಂಡರೆ ಅದಕ್ಕೆ ಬಿಡಲು ಮನಸ್ಸಾಗುವುದಿಲ್ಲ. ಹಾಗಂತ ಹಿಡಿಯುವುದಿಲ್ಲ, ಕೊಲ್ಲುವುದಿಲ್ಲ; ದಾರಿ ತಿರುಗಿಸುತ್ತದೆ, ಅಷ್ಟೇ. ಮನೆಗೆ ಹೊರಟಿದ್ದೇನೆ ಅಂದುಕೊಂಡೇ ಮನುಷ್ಯ ಒಳಗೊಳಗೆ ನಡೆಯುತ್ತಾನೆ. ಹಸಿವಿಲ್ಲ, ದಣಿವಿಲ್ಲ, ವಯಸ್ಸೂ ಆಗುವುದಿಲ್ಲ. ಮುಗಿಯದ ಒಂದು ಸಂಜೆಯೊಳಗೆ ನಡೆಯುತ್ತಲೇ ಇರುತ್ತಾನೆ.

ಅದಕ್ಕೇ ಅಂಟಿನವರು ಬಟ್ಟೆ ಉಲ್ಟಾ ಹಾಕಿಕೊಂಡು ಕಾಡಿಗಿಳಿಯುತ್ತಾರೆ. ಉಲ್ಟಾ ಬಟ್ಟೆ ಕಂಡರೆ ಕಾಡು, ಇವರು ಬರುತ್ತಿರುವವರಲ್ಲ, ಹೊರಟವರು ಅಂದುಕೊಂಡು ದಾರಿ ಬಿಡುತ್ತದೆ. ಹಿರಿಯರು ಹೇಳಿಕೊಟ್ಟದ್ದು ಇಷ್ಟೇ: ತಿರುಗಿಸಿ ಹಾಕ್ಕೋ, ಹೋಗು, ಬಾ. ಕಾಡು ಏನನ್ನು ನೋಡಿ ಉಲ್ಟಾ ಅಂತ ಗುರುತು ಹಿಡಿಯುತ್ತದೆ ಅಂತ ಯಾರೂ ಕೇಳಿದವರಲ್ಲ. ಕೇಳುವ ಪ್ರಸಂಗವೂ ಬಂದಿರಲಿಲ್ಲ. ಆ ಊರಿನ ಹೊಲಿಗೆ ಅಂದರೆ ಮೀನಿನ ಮುಳ್ಳು. ಒಳಗೆ ಬೆರಳಗಲದ ಅಂಚು ಬಿರಿದುಕೊಂಡು, ನೂಲು ಜೋತುಬಿದ್ದು, ಕುರುಡನಿಗೂ ಕೈಗೆ ಸಿಗುವಂಥದ್ದು.

ಕಾಡಿಗೆ ಇನ್ನೊಂದು ಕೆಟ್ಟ ಚಾಳಿಯಿತ್ತು. ಒಳಗಿದ್ದವರನ್ನು ಇನ್ನೂ ಒಳಗೆ ಕರೆಯಲು ಅದು ಮನೆಯವರ ಮುಖ ಹಾಕಿಕೊಂಡು ಬರುತ್ತಿತ್ತು. ಮುಖ ಕದಿಯುವುದು, ದನಿ ಕದಿಯುವುದು ಅದಕ್ಕೆ ಬರುತ್ತದೆ. ಕೈಕೆಲಸ ಮಾತ್ರ ಕದಿಯಲು ಬರುವುದಿಲ್ಲ. ಹಾಗಾಗಿ ಪ್ರತಿ ಮನೆಯ ಮಕ್ಕಳಿಗೂ ಒಂದೊಂದು ಗುರುತು. ಬುಟ್ಟಿ ಹೆಣೆಯುವವಳ ಮಗ ಹೆಣಿಗೆ ನೋಡಬೇಕು. ಸೂಜಿಯಕ್ಕನ ಮಗಳು ಹೊಲಿಗೆ ನೋಡಬೇಕು. ಈ ಪಾಠವನ್ನು ಸೂಜಿಯಕ್ಕ ಮಗಳಿಗೆ ಮಾತು ಬರುವ ಮೊದಲೇ ಶುರುಮಾಡಿದ್ದಳು. ತಾನು ಹೊಲಿದ ಒಂದು ತುಂಡು, ಬೇರೆಯವರು ಹೊಲಿದ ಒಂದು ತುಂಡು ಮುಂದಿಟ್ಟು, ಅಮ್ಮನದು ಯಾವುದು ಅಂತ ಕೇಳುವಳು. ಕೂಸು ಸರಿಯಾದ ತುಂಡನ್ನು ಬಾಯಿಗಿಟ್ಟುಕೊಳ್ಳುತ್ತಿತ್ತು.

ಗಂಡ ಅಂಟಿನವನು. ಕಾಡು ಅವನನ್ನು ಏನೂ ಮಾಡಲಿಲ್ಲ, ಜ್ವರ ಮನೆಯ ಮಂಚದ ಮೇಲೇ ಒಯ್ದಿತು. ಉಳಿದದ್ದು ತಾಯಿ, ಮಗಳು, ಬೀದಿಗೆ ತೆರೆದ ಕಿಟಕಿ, ಕಿಟಕಿಗೆ ಒತ್ತಿಕೊಂಡ ಯಂತ್ರ. ಸೂಜಿಯಕ್ಕ ಊರವರಿಗೆ ಅವರು ಕೇಳಿದ ಮುಳ್ಳು ಹೊಲಿಗೆಯನ್ನೇ ಹಾಕಿಕೊಟ್ಟಳು, ಹಲ್ಲು ಕಚ್ಚಿಕೊಂಡು, ಯಾರಿಗೋ ಎಂಜಲು ತಟ್ಟೆಯಲ್ಲಿ ಬಡಿಸಿದ ಹಾಗೆ. ಮಗಳು ಬೆಳೆದಳು. ನಿಂತಲ್ಲಿ ನಿಲ್ಲದ ಹುಡುಗಿ, ಬೀದಿಯವರೇ ಅವಳಿಗೆ ಚೂಟಿ ಅಂತ ಹೆಸರಿಟ್ಟರು. ಮೊಣಕಾಲು ಗಟ್ಟಿಯಾದ ಮೇಲೆ ತಾನೂ ಅಪ್ಪನ ಹಾಗೆ ಅಂಟಿಗೆ ಹೋಗುತ್ತೇನೆ ಅಂದಳು. ತಾಯಿ ಬೇಡ ಅಂದು ನೋಡಿದಳು, ಅತ್ತು ನೋಡಿದಳು, ಊಟ ಬಿಟ್ಟು ನೋಡಿದಳು. ಹಠದಲ್ಲಿ ಮಗಳು ಯಾರ ಮಗಳು!

ಕೊನೆಗೆ ಒಪ್ಪಿದ ತಾಯಿ ಒಂದು ಮಾತು ಆಡಿದಳು: ಮೊದಲ ಸಲ ಕಾಡಿಗೆ ಹೋಗುವ ಅಂಗಿ ನಾನೇ ಹೊಲಿಯಬೇಕು, ನನಗೆ ಬೇಕಾದ ಹಾಗೆ ಹೊಲಿಯಬೇಕು.

ಆ ಅಂಗಿಗೆ ಅವಳು ಕೂತ ಹಾಗೆ ಯಾವುದಕ್ಕೂ ಕೂತಿರಲಿಲ್ಲ. ಎರಡೂ ಮೈ ಒಂದೇ ಬಣ್ಣ ಕುಡಿದ ಗಟ್ಟಿ ಬಟ್ಟೆ ಆರಿಸಿದಳು. ಅಂಚಿನೊಳಗೆ ಅಂಚು ಮಡಚಿ, ಮಡಿಕೆಯೊಳಗೆ ನೂಲನ್ನು ಮುಚ್ಚಿ, ಮೇಲಿನಿಂದ ಕೂದಲೆಳೆಯಂಥ ಹೊಲಿಗೆ ಹಾಕಿದಳು. ಗುಂಡಿ ಒಂದು ಕಡೆಗೆ ಎದ್ದು ಕಾಣುತ್ತದಲ್ಲ ಅಂತ ಅದನ್ನೂ ಬಿಟ್ಟು ಬಟ್ಟೆಯದೇ ಕಟ್ಟು ಇಟ್ಟಳು. ಮಗಳು ಕಿಟಕಿಯ ಮೇಲೆ ಕೂತು ಕಾಲಾಡಿಸುತ್ತ ಕಾಡಿಸುತ್ತಿದ್ದಳು.

"ಅಮ್ಮ, ಕಾಡಲ್ಲಿ ನಿನ್ನ ಹೊಲಿಗೆ ನೋಡೋಕೆ ಯಾರಿದಾರೆ? ಕೋತೀನಾ?"

"ಕೋತಿ ನೋಡಿದ್ರೂ ನಗಬಾರದು. ನನ್ನ ಮಗಳು ನೂಲು ಜೋತಾಡಿಸ್ಕೊಂಡು ತಿರುಗೋದು ಬೇಡ."

ಇದೇ ಅವಳ ತಪ್ಪು. ಬೇರೆ ಯಾವ ತಾಯಿಯೂ ಮಾಡಲಾಗದ ತಪ್ಪು, ಯಾಕೆಂದರೆ ಬೇರೆ ಯಾರಿಗೂ ಅಷ್ಟು ಚೆನ್ನಾಗಿ ಹೊಲಿಯಲು ಬರುತ್ತಿರಲಿಲ್ಲ.

ಕಾಡಿಗೆ ಇಳಿಯುವ ಬೇಲಿಕಂಡಿಯಲ್ಲಿ ಗಂಡನ ಅಣ್ಣ, ಅವಳ ಭಾವ, ನಿಂತಿರುತ್ತಿದ್ದ. ಮರದಿಂದ ಬಿದ್ದು ಕಾಲು ಹೋದ ಮೇಲೆ ಅವನದು ಅದೇ ಕೆಲಸ, ಒಳಗೆ ಹೋಗುವವರು ಬಟ್ಟೆ ಉಲ್ಟಾ ಹಾಕಿದ್ದಾರಾ ನೋಡುವುದು. ಚೂಟಿ ಬಂದು ನಿಂತಳು. ಭಾವ ತೋಳು ಎತ್ತಿಸಿ ನೋಡಿದ, ಕಂಕುಳ ನೋಡಿದ, ಬೆನ್ನು ನೋಡಿದ. ಒಳಮೈ ಯಾವುದು, ಹೊರಮೈ ಯಾವುದು, ಗೊತ್ತಾಗಲಿಲ್ಲ. ಬಿಚ್ಚಿ ತಿರುಗಿಸಿ ಹಾಕಿಕೋ ಅಂದ. ಒಳಗೆ ಇನ್ನೊಂದು ತೆಳು ಅಂಗಿ ಇತ್ತಲ್ಲ, ಅವಳು ಅಲ್ಲೇ ತಿರುಗಿಸಿ ಹಾಕಿಕೊಂಡಳು. ಹಾಗೂ ಅದೇ, ಹೀಗೂ ಅದೇ. ಹಿಂದೆ ಸಾಲಾಗಿ ನಿಂತವರೆಲ್ಲ ನಕ್ಕರು. ಇದು ಅಂಗಿಯಲ್ಲ, ದೋಣಿ, ಯಾವ ಕಡೆಯಿಂದ ಹತ್ತಿದರೂ ಸೈ ಅಂದರು. ಭಾವನೂ ನಕ್ಕು, "ಹೋಗು ಮಗಳೇ, ನಿಮ್ಮಮ್ಮ ಎರಡೂ ಕಡೆ ಹೊರಮೈನೇ ಇಟ್ಟಿದಾಳೆ" ಅಂದ. ತಾನು ಆಡಿದ ಮಾತೇನು ಅಂತ ಅವನ ಕಿವಿಗೆ ಬೀಳಲಿಲ್ಲ. ಸೂಜಿಯಕ್ಕ ಅಲ್ಲೇ ನಿಂತಿದ್ದಳು. ಊರು ಕೊನೆಗೂ ತನ್ನ ಕೈಯನ್ನು ಮೆಚ್ಚಿತು ಅಂತ ಅವಳ ಕಣ್ಣು ತುಂಬಿತ್ತು.

ಸಂಜೆ ಎಲ್ಲರೂ ಬಂದರು. ಚೂಟಿ ಬರಲಿಲ್ಲ.

ಬೆಳಿಗ್ಗೆ ಕಂಡಳು. ಬೇಲಿಯಿಂದ ಕೂಗಳತೆಯಲ್ಲಿ, ಮರಗಳ ನಡುವೆ, ಬುಟ್ಟಿ ತುಂಬ ಅಂಟು ಹೊತ್ತು, ಮುಖದ ತುಂಬ ನಗು ಹೊತ್ತು ನಡೆದು ಬರುತ್ತಿದ್ದಳು. ಸೂಜಿಯಕ್ಕ ಕರೆದಳು. "ಅಮ್ಮಾ, ಬಂದೆ" ಅಂದಳು ಹುಡುಗಿ. ಅಂದು, ಬೇಲಿಗೆ ಬೆನ್ನು ತಿರುಗಿಸಿ, ಅಷ್ಟೇ ಖುಷಿಯಿಂದ ಒಳಕ್ಕೆ ನಡೆದುಹೋದಳು. ಮಾರನೆಯ ಬೆಳಿಗ್ಗೆಯೂ ಅಷ್ಟೇ.

ಭಾವ ಗೋಡೆ ಹಿಡಿದುಕೊಂಡು ಅವಳ ಮನೆಗೆ ಬಂದ. ಯಂತ್ರದ ಕೆಳಗೆ ಬಿದ್ದಿದ್ದ ಆ ಅಂಗಿಯದೇ ಒಂದು ಚೂರನ್ನು ಎತ್ತಿಕೊಂಡು ಅಂಚಿನ ಮೇಲೆ ಹೆಬ್ಬೆರಳು ಎಳೆದ. ಬಹಳ ಹೊತ್ತು ಎಳೆದ. ಆಮೇಲೆ ಹೇಳಿದ, "ಕಾಡು ನೋಡೋದು ಮುಳ್ಳನ್ನ ಕಣಮ್ಮ. ಈ ನೂಲೆಳೆನ. ಇದರಲ್ಲಿ ಏನಿದೆ ನೋಡೋಕೆ? ನಾನು ನಗ್ತಾ ಕಳಿಸ್ಬಿಟ್ಟೆ."

ಅವಳು ಅವನನ್ನು ಬೈಯಲಿಲ್ಲ. ಬೈಯಲು ಬಾಯಿ ಎಲ್ಲಿಂದ ಬರಬೇಕು?

ಬಿಡಿಸಿಕೊಂಡು ಬರಲು ಒಂದೇ ದಾರಿಯಿತ್ತು. ಕೈ ಹಿಡಿದು ಎಳೆದರೆ ಆಗದು. ಎಳೆದ ಎಳೆತವೇ ಒಳಕ್ಕೆ ತಿರುಗುತ್ತದೆ. ಸಿಕ್ಕಿಕೊಂಡವರು ತಾವಾಗಿ ಮೈಮೇಲಿನದನ್ನು ಕಳಚಿ, ಮುಳ್ಳು ಹೊಲಿಗೆಯ ಬಟ್ಟೆಯನ್ನು ಉಲ್ಟಾ ಹಾಕಿಕೊಳ್ಳಬೇಕು. ಹಾಕಿಕೊಂಡ ಕ್ಷಣ ಬೇಲಿ ಕಾಣುತ್ತದೆ. ಸೂಜಿಯಕ್ಕ ಎರಡು ಅಂಗಿ ಹೊಲಿಯಲು ಕೂತಳು, ತನಗೊಂದು, ಮಗಳಿಗೊಂದು. ಮುಳ್ಳು ಹೊಲಿಗೆ ಅವಳು ಊರಿಗೆಲ್ಲ ಹಾಕಿಕೊಟ್ಟದ್ದೇ, ಆದರೆ ಅವತ್ತು ಕೈ ಒಪ್ಪಲಿಲ್ಲ. ಮಗಳ ಅಳತೆ ಅಂತ ಗೊತ್ತಾದ ತಕ್ಷಣ ಬೆರಳು ತಾವಾಗಿಯೇ ಅಂಚು ಮಡಚುತ್ತಿದ್ದವು. ಬಿಚ್ಚಿದಳು, ಹೊಲಿದಳು, ಬಿಚ್ಚಿದಳು. ಕೊನೆಗೆ ಬಟ್ಟೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಕಚ್ಚಿ ಹಿಂಜಿದಳು. ಯಾವ ನಾಚಿಕೆಗೇಡಿಯೂ ಹೊಲಿಯದ ಹಾಗೆ ಹೊಲಿದು, ಬೇಲಿಕಂಡಿಗೆ ಓಡಿದಳು.

ಒಳಗೆ ಮಗಳು ಸಿಕ್ಕಿದಳು. ಒಂದು ದೊಡ್ಡ ಮರದ ಬುಡದಲ್ಲಿ ಬುಟ್ಟಿ ಇಳಿಸಿ ಕೂತಿದ್ದಳು. ಅಂಗಿಯ ಮೇಲೆ ಧೂಳು ಕೂಡ ಇರಲಿಲ್ಲ. ತಾಯಿಯನ್ನು ಕಂಡು ಎದ್ದಳು, ಬೀದಿಯ ತಿರುವಿನಲ್ಲಿ ಸಿಕ್ಕವಳ ಹಾಗೆ ನಕ್ಕಳು. ಯಾಕೆ ಬಂದೆ, ನಾನೇ ಮನೆಗೆ ಹೊರಟಿದ್ದೆನಲ್ಲ ಅಂದಳು. ಸೂಜಿಯಕ್ಕ ಅಂಗಿ ಚಾಚಿದಳು. ಇದನ್ನು ಹಾಕ್ಕೋ ಕಂದಾ, ಅದನ್ನು ಬಿಚ್ಚು ಅಂದಳು.

ಹುಡುಗಿ ಅಂಗಿ ಕೈಗೆ ತೆಗೆದುಕೊಂಡಳು. ಅಭ್ಯಾಸ ಬಲ, ಮೊದಲು ಹೊಲಿಗೆ ನೋಡಿದಳು. ಹಿಂಜಿದ ಅಂಚು ನೋಡಿದಳು. ಆಮೇಲೆ ತಾಯಿ ತೊಟ್ಟಿದ್ದನ್ನೂ ನೋಡಿದಳು. ನಗು ಮುಖದಿಂದ ಇಳಿಯಿತು.

"ಇದನ್ನ ಯಾರು ಹೊಲಿದದ್ದು?"

"ನಾನೇ ಕಂದಾ."

"ನಮ್ಮಮ್ಮ ಹೀಗೆ ಹೊಲಿಯಲ್ಲ."

ಸೂಜಿಯಕ್ಕ ಹೇಳದ ಮಾತಿಲ್ಲ. ಅಪ್ಪನ ಜ್ವರ ಹೇಳಿದಳು, ಮಗಳ ಹಾಲುಹಲ್ಲು ಬಿದ್ದ ದಿನ ಹೇಳಿದಳು, ಕೋತಿಯ ಮಾತು ಹೇಳಿದಳು. ಹುಡುಗಿ ಹಿಂದೆ ಹಿಂದೆ ಸರಿದಳು. ದನಿ ಕದ್ದವರಿಗೆ ಮಾತು ಕದಿಯುವುದೇನು ಕಷ್ಟ? ಹಾಗಾದರೆ ನೋಡು ಅಂತ ಸೂಜಿಯಕ್ಕ ಎದೆಯ ಬಳಿ ಚುಚ್ಚಿಕೊಂಡಿದ್ದ ಸೂಜಿ ಕಿತ್ತು, ಅಂಗಿಯ ತುದಿ ಮಡಚಿ ಅಲ್ಲೇ ನೆಲದ ಮೇಲೆ ಕೂತಳು. ಕಣ್ಣು ಮುಚ್ಚಿ ಹೊಲಿಯಬಲ್ಲವಳು. ಅವತ್ತು ಕಣ್ಣು ತೆರೆದೇ ಇತ್ತು, ನೀರು ತುಂಬಿತ್ತು. ಬೆರಳು ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗುತ್ತಿದ್ದವು. ಮೊದಲ ಹೊಲಿಗೆ ಸೊಟ್ಟ ಬಿತ್ತು. ಎರಡನೆಯದು ಅದಕ್ಕಿಂತ ಸೊಟ್ಟ. ಮೂರನೆಯದು ಬೆರಳಿಗೇ ಚುಚ್ಚಿತು.

"ನೋಡು, ನಿನ್ನ ಕೈಲಾಗಲ್ಲ" ಅಂದಳು ಮಗಳು, ಮೆಲ್ಲಗೆ, ಹೆದರಿಕೆಯಿಂದ. ಅಂಗಿ ಕೆಳಗೆ ಬಿಟ್ಟು, ತನ್ನ ಮೈಮೇಲಿನ ಅಮ್ಮನ ಅಂಗಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಓಡಿದಳು. ಮರಗಳು ಅವಳ ಹಿಂದೆ ಮುಚ್ಚಿಕೊಂಡವು. ಸೂಜಿಯಕ್ಕ ಎದ್ದು ಹಿಂದೆ ಓಡಿದಳು. ಆದರೆ ಅವಳ ಬಟ್ಟೆಯ ಹೊಲಿಗೆ ನೋಡಿ ಕಾಡು, ಹೊರಟವಳಲ್ಲವೇ ಪಾಪ ಅಂತ ದಾರಿ ತೆಗೆದು, ಅವಳನ್ನು ನೆಟ್ಟಗೆ ಬೇಲಿಕಂಡಿಗೇ ತಂದು ನಿಲ್ಲಿಸಿತು.

ಮತ್ತೆ ಹೋದಳು, ಎಷ್ಟೋ ಸಲ. ಕೈ ನಡುಗದಿದ್ದ ದಿನಗಳೂ ಇದ್ದವು, ಆದರೆ ತೋರಿಸುವಷ್ಟು ಹತ್ತಿರ ಮಗಳು ನಿಲ್ಲಲಿಲ್ಲ. ಭಾವನೂ ಕುಂಟುತ್ತ ಹೋಗಿ ಬಂದ. ದೊಡ್ಡಪ್ಪನ ಮುಖ ಕೂಡ ಕದ್ದೆಯಾ ಅಂತ ಅವನನ್ನೂ ಕೇಳಿ ಓಡಿಹೋದಳಂತೆ. ಮೊದಲಾದರೆ ಬೆಳಿಗ್ಗೆ ಬೇಲಿಯ ಹತ್ತಿರ ಬಂದು ಅಮ್ಮಾ ಅನ್ನುತ್ತಿದ್ದ ಹುಡುಗಿ, ಈಗ ಬೇಲಿಯಲ್ಲಿ ತಾಯಿಯ ನೆರಳು ಕಂಡರೂ ಬುಟ್ಟಿ ಚೆಲ್ಲಿ ಓಡುತ್ತಿದ್ದಳು. ಸೂಜಿಯಕ್ಕನ ಕೂದಲು ಬೆಳ್ಳಗಾಗುತ್ತ ಬಂತು, ಕೆನ್ನೆ ಕುಸಿಯಿತು. ಮಗಳಿಗೆ ಗೊತ್ತಿದ್ದ ಅಮ್ಮನ ಮುಖವೂ ಅವಳಲ್ಲಿ ಉಳಿಯಲಿಲ್ಲ.

ಒಂದು ದಿನ ಅವಳು ಬಟ್ಟೆ ಸೀದಾ ಹಾಕಿಕೊಂಡು ಬೇಲಿಕಂಡಿಗೆ ಬಂದಳು. ಕಾಡು ಇಟ್ಟುಕೊಳ್ಳಲಿ, ಅವಳಿದ್ದಲ್ಲೇ ನಾನೂ ಇರುತ್ತೇನೆ, ನನ್ನನ್ನು ಬಿಡು ಅಂದಳು. ಭಾವ ಅಡ್ಡ ನಿಂತ. ಜಗಳವಾಡಲಿಲ್ಲ, ಕೈ ಮುಗಿಯಲಿಲ್ಲ. ನೆಲ ನೋಡುತ್ತ ಹೇಳಿದ.

"ಹೋಗಿ ಏನ್ ಮಾಡ್ತೀಯಮ್ಮ? ನಿನ್ನ ಕಂಡ್ರೆ ಅವಳು ಓಡ್ತಾಳೆ. ಈಗ ಬೆಳಿಗ್ಗೆ ಒಂದು ಗಳಿಗೆ ಓಡ್ತಾಳೆ, ಆಮೇಲೆ ಮರೆತು ನಗ್ತಾ ನಡೀತಾಳೆ. ನೀನು ಒಳಗೇ ಇದ್ರೆ ಯಾವಾಗಲೂ ಓಡ್ತಾನೇ ಇರಬೇಕು. ಅಲ್ಲಿ ದಣಿವೂ ಇಲ್ಲ, ಸಾವೂ ಇಲ್ಲ."

ಸೂಜಿಯಕ್ಕ ಅಲ್ಲೇ ಕುಸಿದು ಕೂತಳು. ಬಿಸಿಲು ಏರುವವರೆಗೂ ಕೂತಿದ್ದು, ಎದ್ದು ಮನೆಗೆ ಹೋದಳು.

ಈಗ ಅವಳು ಬೇಲಿಯ ಹತ್ತಿರ ಕಾಣಿಸಿಕೊಳ್ಳುವುದಿಲ್ಲ. ಬೆಳಿಗ್ಗೆ ಬೇಲಿಗೆ ಒತ್ತಿಕೊಂಡ ಅಂಟಿನ ಕೊಟ್ಟಿಗೆಯ ಹಿಂಭಾಗಕ್ಕೆ ಹೋಗಿ, ಎರಡು ಹಲಗೆಗಳ ನಡುವಿನ ಸಂದಿಗೆ ಒಂದು ಕಣ್ಣಿಟ್ಟು ನಿಲ್ಲುತ್ತಾಳೆ. ಯಾರೂ ಕಾಣದೆ ಹೋದರೆ ಚೂಟಿ ಬೇಲಿಯವರೆಗೂ ಬರುತ್ತಾಳೆ. ಮೊದಲಿಗಿಂತ ಹತ್ತಿರ ಬರುತ್ತಾಳೆ, ಕೈ ಚಾಚಿದರೆ ಸಿಗುವಷ್ಟು. ಬಂದು, ಕತ್ತು ಉದ್ದ ಮಾಡಿ, ಯಾವ ಕಡೆಗೂ ಅಲ್ಲದ ಕಡೆಗೆ ನೋಡಿ ಅಮ್ಮಾ ಅಂತ ಕರೆಯುತ್ತಾಳೆ. ಒಂದು ಸಲ ಕರೆದು ಕಾಯುತ್ತಾಳೆ. ಉತ್ತರ ಬಾರದೆ ಇದ್ದಾಗ ಇನ್ನೊಂದು ಸಲ, ಸ್ವಲ್ಪ ಜೋರಾಗಿ ಕರೆಯುತ್ತಾಳೆ.

ಹಲಗೆಯ ಹಿಂದೆ ಸೂಜಿಯಕ್ಕ ಬಾಯಿಗೆ ಬಟ್ಟೆ ತುರುಕಿಕೊಂಡು ಉಸಿರು ಹಿಡಿದು ನಿಂತಿರುತ್ತಾಳೆ. ಓ ಅಂದರೆ ಮಗಳು ಓಡಿಹೋಗುತ್ತಾಳೆ.